ಹೇಳಿಕೆ ಲೆಕ್ಕಕ್ಕೆ ಪಟ್ಟಿ ಬಂದ ದಾರಿ

ಕೂಡುವ, ಕಳೆಯುವ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವ ಐದನೆಯ ತರಗತಿಯ ಮಗು, ಅವೇ ಸಂಖ್ಯೆಗಳು ಎರಡು ವಾಕ್ಯಗಳ ನಡುವೆ ಬಂದೊಡನೆ "ಸರ್, ಇದನ್ನ ಕೂಡಸೂದೊ, ಕಳಿಯೂದೊ?" ಎಂದು ಕೇಳುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಶಾಲೆಗಳಲ್ಲಿ ಗಣಿತ ಕಲಿಸಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಪರಿಹಾರವೆಂದು ಲೆಕ್ಕದೊಳಗಿನ ಸಂಖ್ಯೆಗಳನ್ನು ಆಯತಾಕಾರದ ಪಟ್ಟಿಗಳಾಗಿ ಎಳೆದು ನೋಡುವ ಪಟ್ಟಿ ಚಿತ್ರದ ವಿಧಾನ, ಅಂದರೆ ಬಾರ್ ಮಾಡೆಲ್, ಈಗ ಖಾಸಗಿ ಪ್ರಕಾಶಕರ ಪುಸ್ತಕಗಳಲ್ಲಿ, ಯೂಟ್ಯೂಬ್ ಪಾಠಗಳಲ್ಲಿ, ಶಿಕ್ಷಕರ ಮಾತುಕತೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಅದು ಹೊರದೇಶದ್ದು ಎನ್ನುವವರಿದ್ದಾರೆ, ವೇಳೆ ಹಾಳು ಎನ್ನುವವರಿದ್ದಾರೆ, ಮುಂದೆ ಬೀಜಗಣಿತಕ್ಕೆ ಅಡ್ಡಿಯಾಗುತ್ತದೆ ಎಂದು ಅಂಜುವವರೂ ಇದ್ದಾರೆ. ಈ ಮಾತುಗಳೆಲ್ಲ ಗೋಜಲಾಗಿರುವುದರಿಂದ, ವಿಷಯ ಎಲ್ಲಿಂದ ಹೊರಟು ಇಲ್ಲಿಯವರೆಗೆ ಬಂದಿತೆಂಬುದನ್ನು ನೋಡಬೇಕಾಗಿದೆ.

ಹೀಗೆ ವಾಕ್ಯಗಳಲ್ಲಿ ಕೇಳುವ ಹೇಳಿಕೆ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ', 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ರಚಿಸಿದ 'ವ್ಯವಹಾರಗಣಿತ', ಭಾಸ್ಕರಾಚಾರ್ಯನು 1150ರಲ್ಲಿ ಬರೆದ 'ಲೀಲಾವತಿ', ಈ ಮೂರರಲ್ಲಿಯೂ ಸೂತ್ರದ ಜೊತೆಗೆ ವ್ಯಾಪಾರ, ಹಂಚಿಕೆ, ಅಳತೆಗಳ ಲೆಕ್ಕಗಳಿವೆ. ಭಾಸ್ಕರಾಚಾರ್ಯನ ಊರಾದ ವಿಜ್ಜಡವಿಡವೇ ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರು ಹೇಳಿದರೆ, ಅದನ್ನು ಮಹಾರಾಷ್ಟ್ರದಲ್ಲಿ ಗುರುತಿಸುವವರೂ ಇದ್ದಾರೆ. ಗಾಂವಠಿ, ಅಂದರೆ ಹಳೆಯ ಊರ ಶಾಲೆಗಳ ಮಗ್ಗಿ ಮತ್ತು ಬಾಯಿಲೆಕ್ಕ, ಮುಂಬಯಿ ಪ್ರಾಂತದ ಕನ್ನಡ ಶಾಲೆಗಳು, 1956ರ ಏಕೀಕರಣ, ಬಳಿಕದ ಪಠ್ಯಪುಸ್ತಕಗಳು, ಇವೆಲ್ಲ ದಾಟಿದರೂ ಲೆಕ್ಕವನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಆ ಜಾಗವನ್ನು ತುಂಬಿದ್ದು ಒಂದು ಸುಲಭದ ರೂಢಿ. 'ಒಟ್ಟು' ಎಂದಿದ್ದರೆ ಕೂಡು, 'ಉಳಿದದ್ದು' ಎಂದಿದ್ದರೆ ಕಳೆ, 'ಪ್ರತಿಯೊಬ್ಬರಿಗೆ' ಎಂದಿದ್ದರೆ ಭಾಗಿಸು. ಒಂದೇ ಹಂತದ ಸರಳ ಲೆಕ್ಕಗಳಲ್ಲಿ ಇದು ಕೈಹಿಡಿಯುತ್ತದೆ, ಆದುದರಿಂದಲೇ ಬಿಟ್ಟುಕೊಡಲು ಕಷ್ಟ. ಆದರೆ ಈ ಲೆಕ್ಕವನ್ನು ನೋಡಿ: ಮಹಾಲಿಂಗಪುರದ ಪೇಟೆಗೆ ಭೀಮಪ್ಪ 48 ಪೆಂಟಿ ಬೆಲ್ಲ ತಂದಿದ್ದಾನೆ. ಅದು ಮಲ್ಲಪ್ಪ ತಂದದ್ದಕ್ಕಿಂತ 12 ಪೆಂಟಿ ಹೆಚ್ಚು. ಇಬ್ಬರೂ ತಂದ ಒಟ್ಟು ಬೆಲ್ಲ ಎಷ್ಟು ಪೆಂಟಿ? 'ಹೆಚ್ಚು' ಮತ್ತು 'ಒಟ್ಟು' ಎಂಬುದನ್ನಷ್ಟೇ ಹಿಡಿದ ಮಗು 48ಕ್ಕೆ 12 ಕೂಡಿಸಿ 60 ಎಂದು ಬರೆದು ಸುಮ್ಮನಾಗುತ್ತದೆ. ಆ ಮಗುವಿನ ಕೂಡಿಕೆಯಲ್ಲಿ ದೋಷವಿಲ್ಲ, ಲೆಕ್ಕದೊಳಗಿನ ಸಂಬಂಧ ಅದರ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಇದೇ ತೊಡಕು ಸಿಂಗಪುರದಲ್ಲಿಯೂ ಇತ್ತು. ಅಲ್ಲಿ 1980ರಲ್ಲಿ ಪಠ್ಯಕ್ರಮ ಅಭಿವೃದ್ಧಿ ಸಂಸ್ಥೆಯೊಂದು ಆರಂಭವಾಯಿತು, ಮತ್ತು ಪ್ರಾಥಮಿಕ ಗಣಿತದ ಯೋಜನೆಯನ್ನು ಖೋ ಟೆಕ್ ಹಾಂಗ್ ಮುನ್ನಡೆಸಿದರು. 1981ರಲ್ಲಿ ಒಂದರಿಂದ ನಾಲ್ಕನೆಯ ತರಗತಿಯ ಸುಮಾರು 17,000 ಮಕ್ಕಳನ್ನು ಪರೀಕ್ಷಿಸಿದಾಗ, 'ಒಟ್ಟು', 'ಉಳಿದ' ಎಂಬಂಥ ಸುಳಿವಿನ ಪದಗಳಿಲ್ಲದ ಹೇಳಿಕೆ ಲೆಕ್ಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದೆ ಬಿದ್ದಿದ್ದರು. ಬಹಳಷ್ಟು ಮಕ್ಕಳು ಮನೆಯಲ್ಲಿ ಆಡುವ ಭಾಷೆ ಬೇರೆ, ಗಣಿತ ಕಲಿಯುವ ಭಾಷೆ ಇಂಗ್ಲಿಷ್ ಆಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಕನ್ನಡ ಶಾಲೆಗೆ ಬರುವ ಮಕ್ಕಳನ್ನು, ಬೆಳಗಾವಿ ಗಡಿಯಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳನ್ನು ಬಲ್ಲವರಿಗೆ, ವಾಕ್ಯದ ಭಾರ ಕಡಿಮೆ ಮಾಡುವ ಒಂದು ಚಿತ್ರ ಏಕೆ ಬೇಕಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತಂಡ ಕಂಡುಕೊಂಡ ಉಪಾಯದ ಹಿಂದೆ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರವಿತ್ತು: ಮೊದಲು ಕೈಯಿಂದ ಮಾಡಿ ನೋಡುವುದು, ಆಮೇಲೆ ಚಿತ್ರ, ಕಡೆಗೆ ಸಂಕೇತ. ಹುಣಸೆ ಬೀಜಗಳಂಥ ವಸ್ತುಗಳಿಂದ ಆರಂಭಿಸಿದ ಮಗು ನೇರವಾಗಿ ಅಂಕಿಗೆ ಹಾರುವುದಿಲ್ಲ, ನಡುವೆ ಆಯತಾಕಾರದ ಪಟ್ಟಿಯನ್ನು ಎಳೆಯುತ್ತದೆ. ಇದು ಮಳೆಯ ಪ್ರಮಾಣ ತೋರಿಸಲು ಬರೆಯುವ ಸ್ತಂಭಾಲೇಖವಲ್ಲ. ಇಲ್ಲಿ ಅಳತೆಪಟ್ಟಿಯಿಂದ ಅಳೆಯುವ ಅಗತ್ಯವಿಲ್ಲ, ಯಾವುದು ದೊಡ್ಡದು, ಯಾವುದು ಯಾವುದರ ಭಾಗ ಎಂಬುದು ಕಂಡರೆ ಸಾಕು. ಮುಖ್ಯವಾಗಿ ಎರಡೇ ನಮೂನೆ: ಭಾಗಗಳು ಸೇರಿ ಇಡಿಯಾಗುವ ಒಂದು ಪಟ್ಟಿ, ಇಲ್ಲವೆ ಹೋಲಿಕೆಗಾಗಿ ಒಂದರ ಕೆಳಗೊಂದು ಎಳೆದ ಎರಡು ಪಟ್ಟಿ.

ಬೆಲ್ಲದ ಲೆಕ್ಕವನ್ನು ಹಲಗೆಯ ಮೇಲೆ ಹೀಗೆ ಬಿಡಿಸಬಹುದು. ಮೊದಲು ಒಂದು ಉದ್ದ ಪಟ್ಟಿ. ಅದರ ಕೆಳಗೆ ಎಡತುದಿ ಸರಿಹೊಂದುವಂತೆ ಇನ್ನೊಂದು ಗಿಡ್ಡ ಪಟ್ಟಿ. "ಭೀಮಪ್ಪಂದು ಯಾವುದು?" ಎಂದು ಕೇಳಬೇಕು. 'ಅದು ಹೆಚ್ಚು' ಎಂಬಲ್ಲಿ 'ಅದು' ಯಾರದೆಂದು ಹುಡುಕಲು ಮಕ್ಕಳು ಪುಸ್ತಕಕ್ಕೆ ಮರಳುತ್ತಾರೆ, ಮತ್ತು ಆ ಮರಳುವಿಕೆಯಲ್ಲಿಯೇ ಅರ್ಧ ಪಾಠ ಮುಗಿಯುತ್ತದೆ. ಉದ್ದದ ಪಟ್ಟಿ ಭೀಮಪ್ಪನದೆಂದು ಗೊತ್ತಾಗಿ ಅದರ ಮೇಲೆ 48 ಬರೆದ ಮೇಲೆ, ಗಿಡ್ಡ ಪಟ್ಟಿಗಿಂತ ಹೊರಗೆ ಚಾಚಿದ ತುಂಡಿಗೆ 12 ಎಂದು ಗುರುತು ಹಾಕಿದರೆ, ಮಲ್ಲಪ್ಪನದು 36, ಒಟ್ಟು 84 ಎಂಬುದು ತಾನಾಗಿ ಬರುತ್ತದೆ.

1995ರ ಟಿಮ್ಸ್ ಅಂತಾರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಂಗಪುರದ ಮಕ್ಕಳು ಗಣಿತದಲ್ಲಿ ಮೊದಲ ಸ್ಥಾನ ಪಡೆದ ಮೇಲೆ ಬೇರೆ ದೇಶಗಳ ಗಮನ ಇತ್ತ ಹರಿಯಿತು. ಜಪಾನಿನ ತರಗತಿಗಳಲ್ಲಿ ಇದನ್ನು ಹೋಲುವ ಚಿತ್ರಗಳು ಬಳಕೆಯಲ್ಲಿವೆ, ಅಮೆರಿಕದಲ್ಲಿ 2010ರ ಕಾಮನ್ ಕೋರ್ ಎಂಬ ಶಾಲಾ ಕಲಿಕೆಯ ಮಾನದಂಡಗಳೂ ಅಂಥ ಚಿತ್ರವನ್ನು ಹೆಸರಿಸಿದವು. ಬೀಜಗಣಿತದ ಆಕ್ಷೇಪವೂ ಸಿಂಗಪುರದಲ್ಲಿಯೇ ಎದ್ದದ್ದು. ಪ್ರೌಢಶಾಲೆಗೆ ಬಂದರೂ ಕೆಲವರು ಪಟ್ಟಿಯನ್ನು ಬಿಡದೆ, ಸಮೀಕರಣಕ್ಕೆ ಒಗ್ಗದೆ ಇದ್ದರು. 2009ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಈ ವಿಧಾನದ ಕುರಿತೇ ಒಂದು ಪುಸ್ತಕ ಹೊರತಂದು, ಪಟ್ಟಿಯಿಂದ ಬೀಜಗಣಿತಕ್ಕೆ ಸಾಗುವ ಬಗೆಯನ್ನು ವಿವರಿಸಿತು.

ಆ ದಾಟುವಿಕೆ ಕಷ್ಟದ್ದೇನಲ್ಲ. ತಿಕೋಟಾ ಭಾಗದ ರೈತರೊಬ್ಬರು ತಮ್ಮ ಒಣದ್ರಾಕ್ಷಿಯಲ್ಲಿ ಐದರಲ್ಲಿ ಮೂರು ಪಾಲು ಮಾರಿದರು, ಉಳಿದುದರಲ್ಲಿ ನಾಲ್ಕನೆಯ ಒಂದು ಪಾಲನ್ನು ಬೀಗರಿಗೆ ಕೊಟ್ಟರು, 60 ಕಿಲೊ ಮಿಕ್ಕಿತು ಎಂದಿಟ್ಟುಕೊಳ್ಳೋಣ. ಐದು ಮನೆಗಳ ಪಟ್ಟಿಯಲ್ಲಿ ಮೂರನ್ನು ಗೀಟು ಹಾಕಿದರೆ ಉಳಿಯುವುದು ಎರಡು. ಎರಡರ ನಾಲ್ಕನೆಯ ಒಂದು ಪಾಲೆಂದರೆ ಅರ್ಧ ಮನೆ. ಮಿಕ್ಕ ಒಂದೂವರೆ ಮನೆ 60 ಕಿಲೊ ಆದರೆ ಒಂದು ಮನೆ 40, ಇಡಿ ಪಟ್ಟಿ 200. ಆ ಒಂದು ಮನೆಗೆ ಅಕ್ಷರವೊಂದನ್ನು ಇಟ್ಟರೆ ಅದೇ ಸಮೀಕರಣ. 'ಲೀಲಾವತಿ'ಯ ಇಷ್ಟಕರ್ಮದ, ಅಂದರೆ ಒಂದು ಸಂಖ್ಯೆಯನ್ನು ಊಹಿಸಿಕೊಂಡು ಉತ್ತರಕ್ಕೆ ಸಾಗುವ ದಾರಿಯೂ ಇದರ ಪಕ್ಕದಲ್ಲಿಯೇ ಇದೆ: ಮೊದಲು 10 ಇತ್ತೆಂದು ಊಹಿಸಿದರೆ 6 ಹೋಗಿ 4 ಉಳಿದು, ಅದರಲ್ಲಿ 1 ಕಳೆದು 3 ಮಿಕ್ಕುತ್ತದೆ. 3 ಮಿಕ್ಕಲು 10 ಬೇಕಾದರೆ 60 ಮಿಕ್ಕಲು 200 ಬೇಕು. ಇದು ಹೊರದೇಶದ್ದು ಎಂಬ ಆಕ್ಷೇಪಕ್ಕೆ ಈ ಹೋಲಿಕೆಯೇ ಸಾಕಷ್ಟು ಉತ್ತರ ಎನ್ನಬೇಕು.

ನಮ್ಮಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಉತ್ತರಕ್ಕಿಂತ ಗಣಿತದ ಚಿಂತನೆಗೆ ಒತ್ತು ಕೊಟ್ಟಿತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿದ ನಲಿಕಲಿ ಕೆಳಗಿನ ತರಗತಿಗಳಿಗೆ ವಸ್ತುಗಳನ್ನೂ ಚಟುವಟಿಕೆಗಳನ್ನೂ ತಂದಿತು. ಕೇಂದ್ರ ಸರಕಾರದ 2021ರ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯೊಳಗೆ ಓದು, ಬರಹ, ಲೆಕ್ಕಗಳ ಬುನಾದಿಯನ್ನು ಗುರಿಯಾಗಿಸಿಕೊಂಡಿದೆ. ಕೈಗೆ ವಸ್ತು ಸಿಗುವ ಈ ಹಂತ ಮುಗಿದು ನಾಲ್ಕನೆಯ ತರಗತಿಯಲ್ಲಿ ಅಂಕಿಗಳೇ ತುಂಬಿಕೊಳ್ಳುವಾಗ, ನಡುವಿನ ಚಿತ್ರದ ಹಂತ ಜಾರಿಹೋಗುತ್ತದೆ.

ಅದೇ ವಯಸ್ಸಿನಲ್ಲಿ ಈ ಭಾಗದ ಪಾಲಕರನ್ನು ಸೈನಿಕ ಶಾಲೆ, ನವೋದಯ ಪ್ರವೇಶ ಪರೀಕ್ಷೆಗಳ ಚಿಂತೆ ಹಿಡಿಯುತ್ತದೆ. ನವೋದಯದ ಅಂಕಗಣಿತ ವಿಭಾಗದಲ್ಲಿ 20 ಪ್ರಶ್ನೆಗಳಿಗೆ 30 ನಿಮಿಷ. ಒಂದಕ್ಕೆ ಒಂದೂವರೆ ನಿಮಿಷ ಮಾತ್ರ ಸಿಗುವಲ್ಲಿ ಪಟ್ಟಿ ಎಳೆಯುತ್ತ ಕೂರಲಾಗದೆಂಬ ತರಬೇತಿ ಕೇಂದ್ರಗಳ ಮಾತನ್ನು ತಳ್ಳಿಹಾಕಲಾಗದು. ಆದರೆ ವರ್ಷವಿಡೀ ಪಟ್ಟಿ ಎಳೆದ ಮಗು ಪರೀಕ್ಷೆಯ ಹೊತ್ತಿಗೆ ಒರಟಾದ ಒಂದು ಗೆರೆಯಲ್ಲಿಯೇ ಕೆಲಸ ಮುಗಿಸುತ್ತದೆ, ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ನಿಜವಾದ ಅಪಾಯ ಬೇರೆಡೆ ಇದೆ: ಉತ್ತರ ಕಂಡುಹಿಡಿದಾದ ಮೇಲೆ, ಶಿಕ್ಷಕರು ಕೇಳುತ್ತಾರೆಂದು ಅಳತೆಪಟ್ಟಿ ಹಿಡಿದು ಅಂದವಾಗಿ ಎಳೆದ ಪಟ್ಟಿ ಯಾವ ಸಂಬಂಧವನ್ನೂ ತೋರಿಸುವುದಿಲ್ಲ, ಅದು ಹಳೆಯ ರೂಢಿಯ ಜಾಗದಲ್ಲಿ ಕುಳಿತ ಹೊಸ ರೂಢಿಯಾಗುತ್ತದೆ. ಇದನ್ನು ತಪ್ಪಿಸಲು, ಹಲಗೆಯ ಮೇಲೆ ಲೆಕ್ಕವನ್ನು ಮೊದಲು ಸಂಖ್ಯೆಗಳಿಲ್ಲದೆ ಬರೆದು, ಯಾರ ಪಟ್ಟಿ ಉದ್ದವೆಂದು ಮಕ್ಕಳು ತೀರ್ಮಾನಿಸಿ ಎಳೆದ ಮೇಲೆಯೇ 48 ಮತ್ತು 12ನ್ನು ತುಂಬಿಸಬಹುದು. ಇದಕ್ಕೆ ಸುಣ್ಣದ ಕಡ್ಡಿಯಲ್ಲದೆ ಬೇರೆ ಸಾಮಗ್ರಿ ಬೇಡ.