ಕೊಳೆತ ಮೊಟ್ಟೆ ವಾಸನೆ ಗ್ಯಾಸಲ್ಲಿ ನಾವು ಕಳ್ಕೊಳ್ತಿರೋ ಹೈಡ್ರೋಜನ್

ರಿಫೈನರಿಯ ಸಲ್ಫರ್ ಯೂನಿಟ್‌ಗೆ ಹೋಗ್ಬೇಕಂದ್ರೆ ಕಾಲರ್‌ಗೆ ಪುಟ್ಟದೊಂದು ಗ್ಯಾಸ್ ಡಿಟೆಕ್ಟರ್ ಸಿಕ್ಕಿಸ್ಕೊಂಡೇ ಹೋಗ್ಬೇಕು, ಅಲ್ಲಿರೋದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ತಾನೇ, ಮೂಗಿಗೇ ಗೊತ್ತಾಗತ್ತೆ ಬಿಡಿ ಅನ್ನೋ ಹಾಗಿಲ್ಲ, 100 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಪಾಲಲ್ಲಿ 100 ಪಾಲು, ಆಸುಪಾಸು ಬಂದ್ರೆ ಸ್ವಲ್ಪ ಹೊತ್ತಲ್ಲೇ ವಾಸನೆ ಹಿಡಿಯೋ ಶಕ್ತಿನೇ ಹೋಗ್ಬಿಡತ್ತೆ. ಗಾಳಿಗಿಂತ ಭಾರ ಬೇರೆ, ತಗ್ಗಲ್ಲಿ ಹೋಗಿ ಕೂರತ್ತೆ.

ಇದು ಹುಟ್ಟೋ ಕಥೆ ಇನ್ನೂ ವಿಚಿತ್ರ. ಡೀಸೆಲ್‌ನಲ್ಲಿರೋ ಗಂಧಕ ತೆಗಿಯೋಕೆ ನಾವೇ ಹೈಡ್ರೋಜನ್ ಹಾಯಿಸ್ತೀವಿ, ಆ ಹೈಡ್ರೋಜನ್ ಮಾಡೋದು ಹೆಚ್ಚಾಗಿ ನ್ಯಾಚುರಲ್ ಗ್ಯಾಸ್‌ನಿಂದ, ಅದಕ್ಕೆ ದುಡ್ಡೂ ಹೋಗತ್ತೆ ಕಾರ್ಬನ್ ಡೈಆಕ್ಸೈಡೂ ಬರತ್ತೆ, ಕೊನೆಗೆ ಅದು ಗಂಧಕ ಹೊತ್ಕೊಂಡು ಈ ವಿಷದ ಗ್ಯಾಸ್ ಆಗಿ ಹೊರಗೆ ಬರತ್ತೆ. ಅದನ್ನ 1883ರಲ್ಲಿ ಕಾರ್ಲ್ ಕ್ಲಾಸ್ ಅನ್ನೋ ಕೆಮಿಸ್ಟ್ ಪೇಟೆಂಟ್ ತಗೊಂಡ ವಿಧಾನದ ಯೂನಿಟ್‌ಗೆ ಕಳಿಸ್ತೀವಿ. ಮೂರರಲ್ಲಿ ಒಂದು ಪಾಲು ಸುಟ್ಟು ಸಲ್ಫರ್ ಡೈಆಕ್ಸೈಡ್ ಮಾಡಿ ಉಳಿದಿದ್ದರ ಜೊತೆ ಸೇರಿಸಿದ್ರೆ ಗಂಧಕ ಕೈಗೆ ಸಿಗತ್ತೆ, ಹೈಡ್ರೋಜನ್ ಮಾತ್ರ ನೀರಾಗಿ ಹೋಗತ್ತೆ. ಹೊಟ್ಟೆ ಉರಿಯೋದು ಇಲ್ಲೇ.

ಈ ಗ್ಯಾಸನ್ನ ಬಿಸಿಲಲ್ಲಿ ಒಡೆದು ಹೈಡ್ರೋಜನ್ ತೆಗಿಯೋಕಾಗಲ್ವಾ ಅಂದ್ರೆ, ಆಗತ್ತೆ. ಲೆಕ್ಕದ ಪ್ರಕಾರ ನೀರನ್ನ ಒಡೆಯೋಕೆ ಒಂದು ಮೋಲ್‌ಗೆ (ಅಣುಗಳನ್ನ ಎಣಿಸೋ ಅಳತೆ) ಕನಿಷ್ಠ 237 ಕಿಲೋಜೌಲ್ ಶಕ್ತಿ ಬೇಕು, ಇದಕ್ಕೆ 33 ಸಾಕು. ಗ್ಯಾಸನ್ನ ಕ್ಷಾರದ ನೀರಲ್ಲಿ ಕರಗಿಸಿ, ಬೆಳಕು ಹೀರಿ ಕೆಲಸ ಮಾಡೋ ಕ್ಯಾಡ್ಮಿಯಂ ಸಲ್ಫೈಡ್ ಪುಡಿ ಹಾಕಿ ಬೆಳಕಿಗಿಟ್ರೆ ಹೈಡ್ರೋಜನ್ ಗುಳ್ಳೆ ಏಳೋದು ಕಾಣತ್ತೆ. ಇಂಥದ್ದೇ ಇನ್ನೊಂದು ಪುಡಿ ಟೈಟಾನಿಯಂ ಡೈಆಕ್ಸೈಡ್‌ಗೆ ಅಲ್ಟ್ರಾವಯೊಲೆಟ್ಟೇ ಬೇಕು, ಬಿಸಿಲಲ್ಲಿ ಅದಿರೋದು ಅತ್ಯಲ್ಪ.

ತಲೆನೋವು ಬೆಳಕಲ್ಲ, ಗಂಧಕ. ದ್ರಾವಣದಲ್ಲಿ ಪಾಲಿಸಲ್ಫೈಡ್ (ಗಂಧಕದ ಪರಮಾಣುಗಳ ಸರಪಳಿ) ಸೇರ್ತಾ ಸೇರ್ತಾ ಹಳದಿಯಾಗಿ, ಪುಡಿಗೆ ಬೀಳ್ಬೇಕಾದ ಬೆಳಕನ್ನೇ ನುಂಗತ್ತೆ. ಸಲ್ಫೈಟ್ ಹಾಕಿದ್ರೆ ತಿಳಿಯಾಗತ್ತೆ, ಆದ್ರೆ ಅದು ಥಯೋಸಲ್ಫೇಟ್ ಆಗಿ ಖರ್ಚಾಗ್ತಾ ಹೋಗತ್ತೆ, ಕಸದ ಗ್ಯಾಸ್‌ಗೆ ಕೆಮಿಕಲ್ ಕೊಂಡು ಸುರೀತಾ ಕೂತ್ರೆ ಯಾವ ಮ್ಯಾನೇಜರ್ ಒಪ್ತಾನೆ? ಇದರ ಬಗ್ಗೆ ರಿಸರ್ಚ್ ಪೇಪರ್ ಓದೋವಾಗ ನಾನು ಮೊದಲು ಹುಡುಕೋದೇ ಗಂಧಕ ಎಲ್ಲಿ ಹೋಯ್ತು ಅಂತ. 2022ರಲ್ಲಿ ಅಮೆರಿಕದ ರೈಸ್ ಯೂನಿವರ್ಸಿಟಿಯ ನವೋಮಿ ಹಾಲಾಸ್, ಪೀಟರ್ ನಾರ್ಡ್‌ಲ್ಯಾಂಡರ್ ತಂಡದ ಕೆಲಸ ಅದಕ್ಕೇ ಇಷ್ಟ ಆಯ್ತು, ಸಿಲಿಕಾ ಮೇಲೆ ಚಿನ್ನದ ನ್ಯಾನೋ ಕಣ ಕೂರಿಸಿ, ಬರೀ ಬೆಳಕಲ್ಲಿ ಒಂದೇ ಹೆಜ್ಜೆಗೆ ಹೈಡ್ರೋಜನ್ ಬೇರೆ, ಗಂಧಕ ಬೇರೆ ಮಾಡಿದ್ರು.

ಆದ್ರೂ ಒಂದು ಟನ್ ಗ್ಯಾಸಲ್ಲಿರೋ ಹೈಡ್ರೋಜನ್ 59 ಕೆಜಿ ಅಷ್ಟೇ, ಬಾಕಿ ಪೂರ್ತಿ ಗಂಧಕ. ಊರಿನ ಗಾಡಿಗಳನ್ನೆಲ್ಲ ಇದರಲ್ಲೇ ಓಡಿಸ್ತೀವಿ ಅನ್ನೋರನ್ನ ನಾನಂತೂ ನಂಬಲ್ಲ, ಸಿಕ್ಕಿದ್ದನ್ನ ಡೀಸೆಲ್ ಶುದ್ಧ ಮಾಡೋ ಯೂನಿಟ್‌ಗೇ ವಾಪಸ್ ಕೊಟ್ರೆ ಲೆಕ್ಕ ಕೂಡತ್ತೆ. ಗ್ಯಾಸ್ ರಾತ್ರಿನೂ ಬರ್ತಾನೇ ಇರತ್ತೆ, ಹಾಗಾಗಿ ಕ್ಲಾಸ್ ಯೂನಿಟ್ ಕಿತ್ತಾಕೋ ಮಾತಿಲ್ಲ, ಪಕ್ಕದಲ್ಲೇ ಬೆಳಕಲ್ಲಿ ಒಡೆಯೋ ಚಿಕ್ಕ ಪ್ರಾಯೋಗಿಕ ಯೂನಿಟ್ ಹಾಕಿ ಹಗಲು ಒಂದಿಷ್ಟು ಗ್ಯಾಸ್ ಅದಕ್ಕೆ ತಿರುಗಿಸಿ ನೋಡ್ಬೇಕು.