ಮೊದಲ ಮಳೆಗೆ ಹುಲ್ಲುಗಾವಲು ಬಿಡುವ ಉಸಿರು

ಬೆಂಗಳೂರಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದರೆ ಎಲ್ಲರಿಗೂ ಮಣ್ಣಿನ ವಾಸನೆಯದೇ ಮಾತು. ಅದೇ ಹೊತ್ತಿಗೆ ವಾಸನೆಯೇ ಇಲ್ಲದ ಕಾರ್ಬನ್ ಡೈಆಕ್ಸೈಡ್ ಕೂಡ ಅದೇ ಮಣ್ಣಿಂದ ಮೇಲೇಳುತ್ತಿರುತ್ತದೆ, ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಂತೂ ಜೋರಾಗಿಯೇ.

ಎಲ್ಲಿಂದ ಬರುತ್ತದೆ ಇದು? ಹುಲ್ಲಿನ ಬೇರುಗಳು ಉಸಿರಾಡುತ್ತವೆ. ಸತ್ತ ಬೇರು, ಉದುರಿದ ಗರಿಗಳನ್ನು ತಿನ್ನುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳೂ ಉಸಿರಾಡುತ್ತವೆ. ಹಾಗಾಗಿ ನಾವು ಉಸಿರಾಡುವ ಗಾಳಿಯಲ್ಲಿ ಈ ಅನಿಲ ಶೇ. 0.04ರ ಆಸುಪಾಸಿನಲ್ಲಿದ್ದರೆ, ಮಣ್ಣಿನ ಕಣಗಳ ಸಂದಿನ ಗಾಳಿಯಲ್ಲಿ ಅದು ಶೇ. 1 ದಾಟುವುದೂ ಉಂಟು. ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ತಾನಾಗೇ ಹರಡುತ್ತದೆ, ದೇವರ ಮನೆಯ ಊದಿನಕಡ್ಡಿ ಹೊಗೆ ಹಜಾರಕ್ಕೆ ಬರುತ್ತದಲ್ವಾ, ಹಾಗೆ. ಆದರೆ ಸಂದುಗಳಲ್ಲಿ ನೀರು ತುಂಬಿದರೆ ದಾರಿ ಕಟ್ಟಿದ ಹಾಗೇ: ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ.

ಹಾಗಾದರೆ ಮಳೆ ಬಿದ್ದಾಗ ಜಾಸ್ತಿ ಯಾಕೆ ಬರಬೇಕು? ಒಣಗಿದ ಮಣ್ಣಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುಕಮ್ಮಿ ಸುಮ್ನೆ ಬಿದ್ದಿರುತ್ತವೆ. ಎಷ್ಟೋ ಸತ್ತಿರುತ್ತವೆ. ನೀರು ಇಳಿದದ್ದೇ ತಡ, ಹೆಂಟೆಗಳು ಒಡೆದು ಒಳಗೆ ಸಿಕ್ಕಿಕೊಂಡಿದ್ದ ಆಹಾರ ಹೊರಬೀಳುತ್ತದೆ, ಸತ್ತವುಗಳ ದೇಹ ಬದುಕಿದವುಗಳಿಗೆ ಊಟವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಉಸಿರಾಟ ಹಲವು ಪಟ್ಟು ಏರಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಪೂರ್ವ ಆಫ್ರಿಕಾದ ಮಣ್ಣುಗಳನ್ನು ಪರೀಕ್ಷಿಸಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದರ ಬಗ್ಗೆ ಬರೆದರು. ಇವತ್ತಿಗೂ ಇದಕ್ಕೆ ಬರ್ಚ್ ಪರಿಣಾಮ ಅಂತಲೇ ಹೆಸರು.

ಅಳೆಯುವ ವಿಧಾನ ನನಗೆ ತುಂಬಾ ಇಷ್ಟ. ಪಿವಿಸಿ ಪೈಪಿನ ಗಿಡ್ಡ ಬಳೆಯೊಂದನ್ನು ನೆಲಕ್ಕೆ ಒತ್ತಿ ಕೂರಿಸುತ್ತಾರೆ. ಅದರ ಮೇಲೆ ಮುಚ್ಚಳದಂಥ ಡಬ್ಬಿ ಇಟ್ಟು, ಒಳಗಿನ ಗಾಳಿಯನ್ನು ಅವಕೆಂಪು (ಇನ್ಫ್ರಾರೆಡ್) ಬೆಳಕಿನಿಂದ ಕಾರ್ಬನ್ ಡೈಆಕ್ಸೈಡ್ ಅಳೆಯುವ ಉಪಕರಣದ ಮೂಲಕ ಸುತ್ತಿಸುತ್ತಾರೆ. ಒಂದೆರಡು ನಿಮಿಷದಲ್ಲೇ ಪರದೆಯ ಮೇಲಿನ ಅಂಕಿ ಏರುತ್ತಾ ಹೋಗುತ್ತದೆ. ಖಾಲಿ ನೆಲ ಅಂತ ಹೇಳುವವರು ಇದನ್ನೊಮ್ಮೆ ನೋಡಬೇಕು.

ಜಗತ್ತಿನ ಮಣ್ಣೆಲ್ಲ ಸೇರಿ ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್, ನಾವು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಅದರಲ್ಲಿ ಬಹುಪಾಲನ್ನು ಗಿಡ, ಹುಲ್ಲುಗಳು ಮತ್ತೆ ಎಳೆದುಕೊಳ್ಳುತ್ತವೆ, ಲೆಕ್ಕ ಸರಿಹೋಗುತ್ತದೆ. ಲೆಕ್ಕ ತಪ್ಪುವುದು ನಾವು ಗೋಮಾಳವನ್ನು ಉತ್ತು, ಅಗೆದು, ಸೈಟು ಮಾಡಿದಾಗ. ಹೆಂಟೆಯೊಳಗೆ ಎಷ್ಟೋ ವರ್ಷಗಳಿಂದ ಭದ್ರವಾಗಿದ್ದ ಕಾರ್ಬನ್ ಸೂಕ್ಷ್ಮಜೀವಿಗಳ ಬಾಯಿಗೆ ಸಿಗುತ್ತದೆ, ಅದನ್ನು ವಾಪಸ್ ಎಳೆದು ನೆಲದೊಳಗೆ ಇಡಲು ಹುಲ್ಲಿನ ಬೇರುಗಳೇ ಅಲ್ಲಿ ಉಳಿದಿರುವುದಿಲ್ಲ.