ಸೊನ್ನೆ ಸುಂಕ ಯಾರ ಮಾಲಿಗೆ?

‘ಯುರೋಪ್ ಜೊತೆ ಡೀಲ್ ಆಗಿದೆಯಲ್ಲ ಸರ್, ಸುಂಕ ಸೊನ್ನೆ ಅಲ್ವಾ?’

ಹೀತ್ರೋ ವಿಮಾನ ನಿಲ್ದಾಣದ ಪಕ್ಕ ಒಂದು ಸಣ್ಣ ಆಫೀಸಿನಲ್ಲಿ ಕೂತು ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸಿಕೊಡುವ ಕೆಲಸ ನನ್ನದು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ವರ್ಷಗಳೇ ಆದವು. ಪ್ರಧಾನಿಗಳು ಬಂದರು, ಹೋದರು. ಈ ಪ್ರಶ್ನೆ ಮಾತ್ರ ಹೋಗಿಲ್ಲ. ಬ್ರೆಕ್ಸಿಟ್‌ಗೆ ಓಟು ಹಾಕಿದವರೂ ಕೇಳುತ್ತಾರೆ, ಬೇಡ ಅಂತ ಹಾಕಿದವರೂ ಕೇಳುತ್ತಾರೆ. ಬ್ರೆಕ್ಸಿಟ್ ಸರಿಯೋ ತಪ್ಪೋ ಅಂತ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಅದನ್ನು ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ, ನನ್ನ ಭಾವಮೈದುನನೂ ಸೇರಿ. ನನಗೆ ತಲೆ ಕೆಡುವುದು ಈ ಸೊನ್ನೆಯ ವಿಷಯಕ್ಕೆ.

2016ರ ಜೂನ್ 23ರಂದು ಜನರ ಕೈಗೆ ಕೊಟ್ಟ ಚೀಟಿಯಲ್ಲಿ ಎರಡೇ ಆಯ್ಕೆ ಇತ್ತು. ಒಕ್ಕೂಟದಲ್ಲಿ ಇರಬೇಕು, ಇಲ್ಲ ಬಿಡಬೇಕು. ಶೇ 51.9 ಜನ ಬಿಡೋಣ ಅಂದರು, ಶೇ 48.1 ಜನ ಇರೋಣ ಅಂದರು. ಬಿಟ್ಟು ಎಲ್ಲಿ ನಿಲ್ಲುವುದು ಅಂತ ಚೀಟಿ ಕೇಳಲೇ ಇಲ್ಲ. ಪ್ರಚಾರದಲ್ಲಿ ಒಂದು ಕಡೆ ಬಿಡೋಣ ಅನ್ನುವವರ ಕೆಂಪು ಬಸ್ಸು, ಅದರ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕೊಡುತ್ತಿದ್ದೇವೆ ಅನ್ನುವ ಬರಹ. ಬ್ರಿಟನ್ನಿಗೆ ವಾಪಸ್ ಬರುವ ಹಣವನ್ನು ಕಳೆಯದೆ ಬರೆದ ಲೆಕ್ಕ ಅದು. ಇನ್ನೊಂದು ಕಡೆ ಖಜಾನೆ ಇಲಾಖೆ, ಬಿಟ್ಟರೆ ಪ್ರತಿ ಮನೆಗೂ ವರ್ಷಕ್ಕೆ 4,300 ಪೌಂಡ್ ಹೊಡೆತ ಅಂತ ಹೆದರಿಸಿತು. ವಲಸೆ, ಸಾರ್ವಭೌಮತ್ವ, ಮೀನುಗಾರಿಕೆ, ಎಲ್ಲ ಚರ್ಚೆಯಾಯಿತು. ‘ನಿನ್ನ ಅಂಗಡಿಯ ಮಾಲು ಯಾವ ದೇಶದ್ದು?’ ಅಂತ ಟೀವಿಯಲ್ಲಿ ಯಾರಾದರೂ ಕೇಳಿದ ನೆನಪು ನನಗಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಆ ಪ್ರಶ್ನೆಯಿಂದ.

ಒಕ್ಕೂಟದ ಒಳಗಿದ್ದಾಗ ಈ ಪ್ರಶ್ನೆ ಬೇಕಿರಲಿಲ್ಲ, ಅದಕ್ಕೇ ಯಾರಿಗೂ ಅಭ್ಯಾಸ ಇಲ್ಲ. ಕಸ್ಟಮ್ಸ್ ಯೂನಿಯನ್ ಅಂದರೆ ಹೊರಗಡೆ ಒಂದೇ ಬೇಲಿ. ಚೀನಾದ ಚಪ್ಪಲಿಯಾಗಲಿ ಭಾರತದ ಬಟ್ಟೆಯಾಗಲಿ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಒಂದು ಸಲ ಸುಂಕ ಕಟ್ಟಿತು ಅಂದರೆ ಮುಗಿಯಿತು. ಆಮೇಲೆ ಅದು ಡಬ್ಲಿನ್‌ಗೆ ಹೋಗಲಿ, ಬರ್ಲಿನ್‌ಗೆ ಹೋಗಲಿ, ಯಾರೂ ತಡೆಯುತ್ತಿರಲಿಲ್ಲ.

2020ರ ಡಿಸೆಂಬರ್ 24ರಂದು ಬೋರಿಸ್ ಜಾನ್ಸನ್ ಸರ್ಕಾರ ಒಕ್ಕೂಟದ ಜೊತೆ ಮಾಡಿಕೊಂಡಿದ್ದು ಕಸ್ಟಮ್ಸ್ ಯೂನಿಯನ್ ಅಲ್ಲ. ಅದು ಮುಕ್ತ ವ್ಯಾಪಾರ ಒಪ್ಪಂದ. ಸಾವಿರಕ್ಕೂ ಹೆಚ್ಚು ಪುಟ. 30ನೇ ತಾರೀಕು ಒಂದೇ ದಿನದಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಯಿತು, ಜನವರಿ 1ಕ್ಕೆ ಜಾರಿಗೆ ಬಂತು. ನಮ್ಮಂಥವರಿಗೆ ಓದಲು ಸಿಕ್ಕಿದ್ದು ಒಂದು ವಾರ, ಅದೂ ಕ್ರಿಸ್‌ಮಸ್ ವಾರ. ಪತ್ರಿಕೆಗಳ ಮುಖಪುಟದಲ್ಲಿ ‘ಸುಂಕ ಸೊನ್ನೆ, ಕೋಟಾ ಸೊನ್ನೆ’. ಅದು ಸುಳ್ಳಲ್ಲ. ಆದರೆ ಆ ಸೊನ್ನೆ ಬ್ರಿಟನ್ನಿನಲ್ಲಿ ಹುಟ್ಟಿದ ಮಾಲಿಗೆ ಮತ್ತು ಒಕ್ಕೂಟದಲ್ಲಿ ಹುಟ್ಟಿದ ಮಾಲಿಗೆ. ಬ್ರಿಟನ್ನಿನಲ್ಲಿ ಇರುವ ಮಾಲಿಗೆ ಅಲ್ಲ.

ಈ ಕೊನೆಯ ಎರಡು ವಾಕ್ಯ ಇನ್ನೊಮ್ಮೆ ಓದಿ. ಫೋನಿನಲ್ಲಿ ನಾನು ಇದನ್ನೇ ನಾಲ್ಕು ಥರ ಹೇಳುತ್ತೇನೆ. ಎಲ್ಲರೂ ‘ಹೂಂ ಹೂಂ, ಗೊತ್ತಾಯ್ತು’ ಅನ್ನುತ್ತಾರೆ. ಮುಂದಿನ ತಿಂಗಳು ಅದೇ ಇನ್‌ವಾಯ್ಸ್ ಬರುತ್ತದೆ.

ದಾವಣಗೆರೆ ಕಡೆಯ ಒಬ್ಬರು ಮಿಲ್ಟನ್ ಕೀನ್ಸ್‌ನಲ್ಲಿದ್ದಾರೆ. ಮನೆಯಿಂದಲೇ ಕಾಟನ್ ಕುರ್ತಾ ವ್ಯಾಪಾರ. ಬೆಂಗಳೂರಿನಲ್ಲಿ ಹೊಲಿಸಿ ತರಿಸುತ್ತಾರೆ. ಒಳ್ಳೆಯ ಮಾಲು, ನನ್ನ ಹೆಂಡತಿಯೂ ತೆಗೆದುಕೊಂಡಿದ್ದಾಳೆ. ಇಲ್ಲಿ ಇಳಿದಾಗ ಸುಂಕ ಕಟ್ಟಿದ್ದರು, ವ್ಯಾಟ್ ಕಟ್ಟಿದ್ದರು, ಎಲ್ಲ ಸರಿಯಾಗಿತ್ತು. ಐರ್ಲೆಂಡ್ ಇನ್ನೂ ಒಕ್ಕೂಟದಲ್ಲೇ ಇದೆ. ಅಲ್ಲಿನ ಡಬ್ಲಿನ್‌ನ ಒಂದು ಅಂಗಡಿಯವರು ಕೇಳಿದರು ಅಂತ ಒಂದಿಷ್ಟು ಪೆಟ್ಟಿಗೆ ಕಳಿಸಿದರು. ಸಾವಿರ ಯೂರೋ ಮಾಲು ಅಂತಿಟ್ಟುಕೊಳ್ಳಿ. ಕುರ್ತಾ ಹುಟ್ಟಿದ್ದು ಬೆಂಗಳೂರಿನಲ್ಲಿ, ಹಾಗಾಗಿ ಸೊನ್ನೆ ಇಲ್ಲ. ಉಡುಪಿಗೆ ಒಕ್ಕೂಟದ ಮಾಮೂಲಿ ದರ ಶೇ 12. ಅಂದರೆ 120 ಯೂರೋ ಸುಂಕ. ಅದನ್ನು ಸೇರಿಸಿ 1,120ರ ಮೇಲೆ ಐರ್ಲೆಂಡಿನ ವ್ಯಾಟ್ ಶೇ 23, ಅದು 257 ಯೂರೋ 60 ಸೆಂಟ್. ಸಾಗಣೆ ಖರ್ಚು ಸೇರಿಸಿದರೆ ಇನ್ನೂ ಜಾಸ್ತಿ. ವ್ಯಾಟ್ ಆದರೆ ಅಂಗಡಿಯವರು ಆಮೇಲೆ ವಾಪಸ್ ಪಡೆಯಬಹುದು. ಸುಂಕ ಹೋಗಿದ್ದು ಹೋಯಿತು.

‘ಅಣ್ಣಾ, ನಾನು ಇಲ್ಲಿ ಕಟ್ಟಿದ್ದೀನಲ್ಲ! ರಸೀದಿ ಇದೆ!’

‘ರಸೀದಿ ಬ್ರಿಟನ್ನಿನದಮ್ಮ. ಡಬ್ಲಿನ್ ಬ್ರಿಟನ್ ಅಲ್ಲ.’

‘ಹಾಗಾದ್ರೆ ಡೀಲ್ ಯಾತಕ್ಕೆ?’

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಡೀ ದೇಶದ ಮಂತ್ರಿಗಳು ಆಡಿದ ಮಾತು ನಂಬಿದವರು ಅವರು. ಈಗಾಗಲೇ ಎರಡೂ ಕಡೆ ಸುಂಕ ಸೊನ್ನೆ, ನಿಯಮಗಳೂ ಒಂದೇ, ಹಾಗಾಗಿ ಈ ಒಪ್ಪಂದ ಮನುಷ್ಯರ ಇತಿಹಾಸದಲ್ಲೇ ಸುಲಭವಾದವುಗಳಲ್ಲಿ ಒಂದಾಗಬೇಕು ಅಂತ 2017ರಲ್ಲಿ ವ್ಯಾಪಾರ ಮಂತ್ರಿ ಲಿಯಾಮ್ ಫಾಕ್ಸ್ ಹೇಳಿದ್ದರು. ಕುರ್ತಾ ಹೊಲಿಸುವವರು ಇನ್ನೇನು ತಿಳಿದುಕೊಳ್ಳಬೇಕು?

ದೊಡ್ಡವರೂ ಎಡವಿದರು. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್‌ನವರ ಪರ್ಸಿ ಪಿಗ್ ಅಂತ ಹಂದಿಮುಖದ ಮಿಠಾಯಿ ಇದೆ. ಇಲ್ಲಿನ ಮಕ್ಕಳಿಗೆ ಪ್ರಾಣ. ತಯಾರಾಗುವುದು ಜರ್ಮನಿಯಲ್ಲಿ. ಜರ್ಮನಿಯಿಂದ ಬ್ರಿಟನ್ನಿಗೆ ಬರುವಾಗ ಸೊನ್ನೆ. ಇಲ್ಲಿಂದ ಐರ್ಲೆಂಡಿನ ಅಂಗಡಿಗೆ ಹೋಗುವಾಗ ಸುಂಕ ಬೀಳಬಹುದು ಅಂತ 2021ರ ಜನವರಿಯಲ್ಲಿ ಆ ಕಂಪನಿಯ ಮುಖ್ಯಸ್ಥರೇ ಹೇಳಿದರು. ಯಾಕೆಂದರೆ ಅದು ಬ್ರಿಟಿಷ್ ಮಾಲಲ್ಲ, ಇಲ್ಲಿ ಅದಕ್ಕೆ ಏನೂ ಮಾಡಿಲ್ಲ, ಸುಮ್ನೆ ಗೋಡೌನಿನಲ್ಲಿ ಇಟ್ಟಿದ್ದು. ಒಕ್ಕೂಟದಲ್ಲೇ ಹುಟ್ಟಿದ ಮಾಲು ಒಕ್ಕೂಟಕ್ಕೇ ವಾಪಸ್ ಹೋಗುವಾಗ ಸುಂಕ!

ಇನ್ನು ಜಾಣರ ಕಥೆ. ಲೆಸ್ಟರ್‌ನ ಒಬ್ಬ ದಿನಸಿ ವ್ಯಾಪಾರಿ ಮಸಾಲೆ ಪುಡಿಯನ್ನು ಇಪ್ಪತ್ತೈದು ಕೆಜಿ ಚೀಲದಲ್ಲಿ ತರಿಸಿ, ನೂರು ಗ್ರಾಂ ಪ್ಯಾಕೆಟ್ ಮಾಡಿ, ಮೇಲೆ ಯೂನಿಯನ್ ಜ್ಯಾಕ್ ಅಂಟಿಸಿ ‘ಪ್ಯಾಕ್ಡ್ ಇನ್ ಯುಕೆ’ ಅಂತ ಅಚ್ಚು ಹಾಕಿಸಿದರು. ಆ ಲೇಬಲ್ಲನ್ನು ಮೇಜಿನ ಮೇಲೆ ಇಟ್ಟು ನನ್ನ ಮುಖ ನೋಡಿದರು. ಬಲು ಹೆಮ್ಮೆ. ನಾನು ಒಪ್ಪಂದದ ಪಟ್ಟಿ ತೆಗೆದು ತೋರಿಸಿದೆ. ತುಂಬಿಸುವುದು, ಬೇರೆ ಪ್ಯಾಕೆಟ್ಟಿಗೆ ಹಾಕುವುದು, ಲೇಬಲ್ ಅಂಟಿಸುವುದು, ಜರಡಿ ಹಿಡಿಯುವುದು, ಇವ್ಯಾವುದೂ ಲೆಕ್ಕಕ್ಕಿಲ್ಲ. ಬಟ್ಟೆಯದು ಇನ್ನೂ ಬಿಗಿ. ಭಾರತದಿಂದ ಬಟ್ಟೆ ತಂದು ಲೆಸ್ಟರ್‌ನಲ್ಲೇ ಕತ್ತರಿಸಿ ಹೊಲಿದರೂ ಸಾಮಾನ್ಯವಾಗಿ ಅದು ಬ್ರಿಟಿಷ್ ಉಡುಪು ಆಗುವುದಿಲ್ಲ. ನೇಯುವುದೂ ಇಲ್ಲೇ ಆಗಿರಬೇಕು. ಕೆಲವು ವಿನಾಯಿತಿಗಳಿವೆ, ಅದಕ್ಕೇ ‘ಸಾಮಾನ್ಯವಾಗಿ’ ಅಂದೆ. ನಿಮ್ಮ ಮಾಲಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನಲ್ಲಿ ಆ ಬಗೆಯ ಮಾಲಿಗಿರುವ ಸಂಖ್ಯೆ, ಇಟ್ಟುಕೊಂಡು ನೋಡದೆ ಯಾರೂ ಖಡಾಖಂಡಿತ ಹೇಳಬಾರದು, ಅಂಕಣ ಬರೆಯುವವರಂತೂ ಹೇಳಲೇಬಾರದು.

ಮಾಲು ನಿಜವಾಗಿಯೂ ಬ್ರಿಟಿಷ್ ಆಗಿದ್ದರೂ ಅದನ್ನು ಕಾಗದದ ಮೇಲೆ ಹೇಳಬೇಕು. ಹೇಳಿದ್ದಕ್ಕೆ ದಾಖಲೆ ಇರಬೇಕು. ಕಸ್ಟಮ್ಸ್‌ಗೆ ಕೊಡುವ ಡಿಕ್ಲರೇಷನ್ ಅಂತೂ ಸುಂಕ ಸೊನ್ನೆಯಾದರೂ ಬೇಕೇ ಬೇಕು. 2018ರಲ್ಲಿ ಇಲ್ಲಿನ ತೆರಿಗೆ ಇಲಾಖೆಯ ಮುಖ್ಯಸ್ಥ ಜಾನ್ ಥಾಮ್ಸನ್ ಸಂಸದರ ಸಮಿತಿಯ ಮುಂದೆ ಒಂದೊಂದು ಡಿಕ್ಲರೇಷನ್‌ಗೆ ಸರಾಸರಿ 32.50 ಪೌಂಡ್ ಖರ್ಚು ಅಂತ ಲೆಕ್ಕ ಕೊಟ್ಟಿದ್ದರು. ಹೊಸ ವ್ಯವಸ್ಥೆಯಿಂದ ವ್ಯಾಪಾರಿಗಳ ಮೇಲೆ ವರ್ಷಕ್ಕೆ 2,000 ಕೋಟಿ ಪೌಂಡ್‌ವರೆಗೆ ಹೊರೆ ಬೀಳಬಹುದು ಅಂದರು. ಬ್ರೆಕ್ಸಿಟ್ ಪರ ಇದ್ದವರು ಅವರ ಮೇಲೆ ಮುಗಿಬಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದೇ ಆ ಮನುಷ್ಯನ ತಪ್ಪು.

ಕರ್ನಾಟಕದಲ್ಲಿರುವ ಓದುಗರಿಗೆ ಜಿಎಸ್‌ಟಿಗೆ ಮುಂಚಿನ ಅತ್ತಿಬೆಲೆ ಚೆಕ್‌ಪೋಸ್ಟ್ ನೆನಪಿರಬಹುದು. ಕರ್ನಾಟಕಕ್ಕೂ ತಮಿಳುನಾಡಿಗೂ ನಡುವೆ ಕಸ್ಟಮ್ಸ್ ಸುಂಕ ಯಾವತ್ತೂ ಇರಲಿಲ್ಲ. ಆದರೂ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಡ್ರೈವರುಗಳು ಕಾಗದ ಹಿಡಿದುಕೊಂಡು ಓಡಾಡುತ್ತಿದ್ದರು. ಸುಂಕ ಇಲ್ಲದಿದ್ದರೂ ಗಡಿ ಇರುತ್ತದೆ ಅಂತ ಯಾವುದೇ ಪ್ರೊಫೆಸರಿಗಿಂತ ಚೆನ್ನಾಗಿ ಹೇಳಬಲ್ಲವನು ಹೊಸೂರಿನ ಲಾರಿ ಡ್ರೈವರ್.

ಬ್ರಿಟನ್ನಿಗೂ ಯುರೋಪಿಗೂ ನಡುವೆಯೂ ಅದೇ ಆಯಿತು. 2021ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಬಂದರಿನಲ್ಲಿ ಇಳಿದ ಬ್ರಿಟಿಷ್ ಡ್ರೈವರುಗಳ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಅಧಿಕಾರಿಗಳು ಕಿತ್ತುಕೊಂಡಿದ್ದು ಟೀವಿಯಲ್ಲಿ ಬಂತು. ಮಾಂಸ, ಹಾಲಿನ ಪದಾರ್ಥ ಒಕ್ಕೂಟದ ಹೊರಗಿಂದ ಕೈಯಲ್ಲಿ ಒಯ್ಯುವಂತಿಲ್ಲ. ಜನ ನಕ್ಕರು. ಕಾರಿನಲ್ಲಿ ಪ್ಯಾರಿಸ್‌ಗೆ ಹೋಗುವ ನಮ್ಮವರ ತುಪ್ಪದ ಡಬ್ಬಿಗೂ ಅದೇ ನಿಯಮ ಅಂತ ನಾನು ಹೇಳಿದಾಗ ಯಾರೂ ನಗಲಿಲ್ಲ. ಇನ್ನೊಂದು, ಮರದ ಪ್ಯಾಲೆಟ್. ಮೊದಲು ಬ್ರಿಟನ್ನಿಂದ ಫ್ರಾನ್ಸ್‌ಗೆ ಯಾವ ಹಲಗೆಯ ಮೇಲೆ ಮಾಲು ಇಟ್ಟರೂ ಯಾರೂ ಕೇಳುತ್ತಿರಲಿಲ್ಲ. ಈಗ ಆ ಮರಕ್ಕೆ ಹುಳ ಸಾಯುವಷ್ಟು ಬಿಸಿ ಕೊಟ್ಟಿರಬೇಕು, ‘ಎಚ್‌ಟಿ’ ಅಂತ ಮುದ್ರೆ ಕಾಣಬೇಕು. ಮುದ್ರೆ ಇಲ್ಲದಿದ್ದರೆ ಪ್ಯಾಲೆಟ್ ಮೇಲೆ ಕೂತಿರುವ ಮಾಲು ಎಷ್ಟೇ ಶುದ್ಧ ಬ್ರಿಟಿಷ್ ಆಗಿದ್ದರೂ ಅಲ್ಲೇ ನಿಲ್ಲುತ್ತದೆ. ಗೋಡೌನಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಪ್ಯಾಲೆಟ್ ಮೇಲೆ ಏರಿಸಿ ಕಳಿಸುವ ಪುಣ್ಯಾತ್ಮರು ಇವತ್ತಿಗೂ ಇದ್ದಾರೆ.

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. ಬಿಟ್ಟಿದ್ದು ತಪ್ಪಾಯಿತು, ವಾಪಸ್ ಸೇರೋಣ ಅನ್ನುವವರ ದನಿ ಏರಿದೆ. ಒಕ್ಕೂಟಕ್ಕೆ ಆಗದಿದ್ದರೆ ಬೇಡ, ಕಸ್ಟಮ್ಸ್ ಯೂನಿಯನ್ ಆದರೂ ಮಾಡಿಕೊಳ್ಳೋಣ ಅಂತ ಲಿಬರಲ್ ಡೆಮಾಕ್ರಾಟ್ ಪಕ್ಷ ಹೇಳುತ್ತಿದೆ. ಇದು ಹೊಸ ಯೋಚನೆ ಏನಲ್ಲ. 2019ರ ಏಪ್ರಿಲ್ 1ರಂದು ಸಂಸದ ಕೆನ್ ಕ್ಲಾರ್ಕ್ ಪಾರ್ಲಿಮೆಂಟಿನಲ್ಲಿ ಇದೇ ಪ್ರಸ್ತಾಪ ಇಟ್ಟಾಗ 273ಕ್ಕೆ 276, ಬರೀ ಮೂರು ಓಟಿನಿಂದ ಬಿದ್ದುಹೋಯಿತು. ಆಗ ಪಾಸಾಗಿದ್ದರೆ ನನ್ನ ಕೆಲಸ ಅರ್ಧ ಆಗುತ್ತಿತ್ತೇನೋ. ಅರ್ಧ ಅಂದೆ, ಪೂರ್ತಿ ಅಲ್ಲ. ಕುರ್ತಾದ ಸಮಸ್ಯೆ ತೀರುತ್ತಿತ್ತು. ತುಪ್ಪದ್ದು, ಪ್ಯಾಲೆಟ್‌ದು ತೀರುತ್ತಿರಲಿಲ್ಲ, ಅವು ಸುಂಕದ ವಿಷಯವೇ ಅಲ್ಲ. ಟರ್ಕಿ 1995ರ ಕೊನೆಯಿಂದಲೂ ಕೈಗಾರಿಕಾ ಮಾಲಿಗೆ ಒಕ್ಕೂಟದ ಜೊತೆ ಕಸ್ಟಮ್ಸ್ ಯೂನಿಯನ್‌ನಲ್ಲಿದೆ. ಬಲ್ಗೇರಿಯಾ ಗಡಿಯ ಕಾಪಿಕುಲೆಯಲ್ಲಿ ಅವರ ಲಾರಿಗಳು ಕ್ಯೂ ನಿಲ್ಲುವುದು ತಪ್ಪಿಲ್ಲ. ನಾರ್ವೆಯದು ಉಲ್ಟಾ. ಒಕ್ಕೂಟದ ಒಳಮಾರುಕಟ್ಟೆಯಲ್ಲಿದೆ, ಅಂದರೆ ಮಾಲಿನ ನಿಯಮಗಳು ಒಂದೇ, ಆದರೆ ಕಸ್ಟಮ್ಸ್ ಯೂನಿಯನ್‌ನಲ್ಲಿಲ್ಲ. ಹಾಗಾಗಿ ಸ್ವೀಡನ್ನಿನ ಗಡಿಯಲ್ಲಿ ಸ್ವಿನೆಸುಂಡ್ ಹತ್ತಿರ ಕಸ್ಟಮ್ಸ್ ಠಾಣೆ ಇದೆ.

ನನಗೆ ಜಾಸ್ತಿ ತಮಾಷೆ ಅನ್ನಿಸುವುದು ನಮ್ಮವರದ್ದೇ ವಾದ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ನನ್ನ ಫೋನು ಸುಮ್ಮನಾಗಲಿಲ್ಲ. ಭಾರತದ ಉಡುಪಿಗೂ ಸುಂಕ ಇಲ್ಲವಾಗುವ ಒಪ್ಪಂದ ಅದು. ಒಳ್ಳೆಯದೇ. ಆದರೆ ಫೋನ್ ಮಾಡಿದವರಲ್ಲಿ ಕೆಲವರು ಯುರೋಪ್ ಜೊತೆ ಕಸ್ಟಮ್ಸ್ ಯೂನಿಯನ್ ಬೇಕು ಅನ್ನುವವರೂ ಹೌದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ ಸ್ವಾಮಿ. ಬೇಲಿ ಒಂದೇ ಆದ ಮೇಲೆ ಭಾರತಕ್ಕೆ ನಮ್ಮದೇ ಒಂದು ಬೇರೆ ಗೇಟು ತೆರೆಯಲು ಬಿಡುವುದಿಲ್ಲ. ಟರ್ಕಿಯ ಗೋಳು ನೋಡಿ. ಒಕ್ಕೂಟ ಯಾವುದೋ ದೇಶದ ಜೊತೆ ಒಪ್ಪಂದ ಮಾಡಿಕೊಂಡರೆ ಆ ದೇಶದ ಮಾಲು ಯುರೋಪಿನ ಮೂಲಕ ಟರ್ಕಿಗೆ ಬರಬಹುದು, ಟರ್ಕಿಯ ಮಾಲಿಗೆ ಮಾತ್ರ ಆ ದೇಶದಲ್ಲಿ ತಾನಾಗಿಯೇ ರಿಯಾಯಿತಿ ಸಿಗುವುದಿಲ್ಲ. ಏನಾದರೂ ವಿಶೇಷ ವ್ಯವಸ್ಥೆ ಮಾಡಿಕೊಳ್ಳಬಹುದೇನೋ, ರಾಜಕಾರಣಿಗಳು ಏನು ಬೇಕಾದರೂ ಮಾಡಬಲ್ಲರು. ಆದರೆ ಕೇಳುವಾಗಲೇ ಇದು ಬೇಕಾದರೆ ಅದು ಹೋಗಬಹುದು ಅಂತ ಗೊತ್ತಿರಲಿ.

ಮಿಲ್ಟನ್ ಕೀನ್ಸ್‌ನವರಿಂದಲೂ ಫೋನ್ ಬಂತು. ‘ಅಣ್ಣಾ, ಇನ್ಮೇಲೆ ಡಬ್ಲಿನ್‌ಗೂ ಸೊನ್ನೆ ಆಗತ್ತಲ್ವಾ?’

ಇಲ್ಲ. ಭಾರತದ ಒಪ್ಪಂದ ಜಾರಿಯಾದ ಮೇಲೆ ಬೆಂಗಳೂರಿನ ಕುರ್ತಾ ಬ್ರಿಟನ್ನಿಗೆ ಬರುವಾಗ ಸೊನ್ನೆ, ಅದಕ್ಕೂ ಅದು ಭಾರತದ್ದೇ ಅನ್ನುವ ದಾಖಲೆ ಬೇಕು. ಇಲ್ಲಿಂದ ಡಬ್ಲಿನ್‌ಗೆ ಹೊರಟರೆ ಅದು ಮತ್ತೆ ಭಾರತದ ಕುರ್ತಾವೇ. ಇಂಥವರಿಗೆ ನಾನು ಕೊಡುವ ಸಲಹೆ ಎರಡು. ಯುರೋಪಿಗೆ ಹೋಗಬೇಕಾದ ಪೆಟ್ಟಿಗೆಗಳನ್ನು ಬೆಂಗಳೂರಿನಲ್ಲೇ ಬೇರೆ ಮಾಡಿ ನೇರ ಅಲ್ಲಿಗೆ ಕಳಿಸಿ. ಇಲ್ಲವೇ ಇಲ್ಲಿ ಕಸ್ಟಮ್ಸ್ ಬಾಂಡೆಡ್ ಗೋಡೌನಿನಲ್ಲಿ ಇಟ್ಟು, ಬ್ರಿಟನ್ನಿನ ಸುಂಕ ಕಟ್ಟದೆ ಮುಂದಕ್ಕೆ ಕಳಿಸಿ. ಎರಡನೆಯದಕ್ಕೆ ಬಾಡಿಗೆ, ಗ್ಯಾರಂಟಿ ಎಲ್ಲ ಇರುವುದರಿಂದ ಸಣ್ಣ ವ್ಯಾಪಾರಕ್ಕೆ ಗಿಟ್ಟುವುದು ಅನುಮಾನ. ಅವರು ಮೊದಲನೆಯದಕ್ಕೆ ಒಪ್ಪಿದರು. ಡಬ್ಲಿನ್ ಅಂಗಡಿಯವರೇ ಆಮದುದಾರರಾಗಿ ಹೆಸರು ಕೊಟ್ಟಿದ್ದಾರೆ.

ಇನ್ನು 2025ರ ಮೇ 19ರ ಲಂಡನ್ ಶೃಂಗಸಭೆಯಲ್ಲಿ ಬ್ರಿಟನ್ ಮತ್ತು ಒಕ್ಕೂಟ ಆಹಾರ, ಪ್ರಾಣಿ, ಸಸ್ಯಗಳ ತಪಾಸಣೆ ಕಡಿಮೆ ಮಾಡುವ ಒಪ್ಪಂದದ ಕಡೆ ಹೆಜ್ಜೆ ಇಟ್ಟವು. ಅದನ್ನು ನಂಬಿಕೊಂಡು ಈಗಿನ ಸರ್ಟಿಫಿಕೇಟ್ ನಿಲ್ಲಿಸಬೇಡಿ. ಪೂರ್ತಿ ಜಾರಿಯಾಗಲಿ, ಏಜೆಂಟ್ ಬರವಣಿಗೆಯಲ್ಲಿ ತಿಳಿಸಲಿ, ಆಮೇಲೆ ನೋಡೋಣ. ಚೀಸ್, ಮಾಂಸ, ಗಿಡ ಮಾರುವವರಿಗೆ ಅದರಿಂದ ಅನುಕೂಲ ಆಗಬಹುದು. ಬಟ್ಟೆಯವರು ಕಾಯುವುದು ಬೇಡ, ಅದರಲ್ಲಿ ಅವರಿಗೆ ಏನೂ ಇಲ್ಲ.